ಸ್ಟ್ಯಾನ್ಲಿ ಪಾರ್ಕಿಗೊಂದು ಅಪ್ರದಕ್ಷಿಣೆ

"ದುಡ್ಡು ಕೊಟ್ಟು ಸೈಕಲ್ ತುಳಿಯುವುದಾ? ಅದಕ್ಕೊಬ್ಬ ಗೈಡ್ ಬೇರೆಯಾ?" ಮಗ ಟಿಕೆಟ್ ತೋರಿಸಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು ಇದು. ಅವನು ಕೆನಡಾದ ವ್ಯಾಂಕೂವರಿನಲ್ಲಿದ್ದಾನೆ. ನಾನು ಅಲ್ಲಿಗೆ ಹೋಗಿದ್ದ ವಾರ ಅವನಿಗೆ ರಜೆ ಸಿಗಲಿಲ್ಲ. ಅಮ್ಮ ಮನೆಯಲ್ಲಿ ಕೂತು ಪಾತ್ರೆ ತಿಕ್ಕುತ್ತಾಳೆ ಅಂತ ಹೆದರಿ ಅರ್ಧ ದಿನದ ಸೈಕಲ್ ಟೂರಿಗೆ ನನ್ನ ಹೆಸರು ಬರೆಸಿಬಿಟ್ಟಿದ್ದ.

ನಾನು ಸೈಕಲ್ ಮುಟ್ಟಿ ಇಪ್ಪತ್ತೈದು ವರ್ಷವಾಗಿತ್ತು. ಕಡಲ ಊರಿನವಳೇ, ಸುರತ್ಕಲ್ಲಿನವಳು. ಆದರೆ ನಮ್ಮಲ್ಲಿ ಸೈಕಲ್ ಎಂದರೆ ಹೈಸ್ಕೂಲಿಗೆ ಹೋಗುವ ಸಾಧನ ಅಷ್ಟೇ. ಮದುವೆಯಾದ ಮೇಲೆ ಅದು ಅಟ್ಟ ಸೇರುತ್ತದೆ. ಇಲ್ಲಿ ನೋಡಿದರೆ ಎಪ್ಪತ್ತು ದಾಟಿದ ಅಜ್ಜಿಯರು ಬೆಲ್ ಬಾರಿಸಿ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಈ ಪ್ರಾಂತ್ಯದಲ್ಲಿ 1996ರಿಂದ ದೊಡ್ಡವರಿಗೂ ಹೆಲ್ಮೆಟ್ ಕಡ್ಡಾಯ. ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ ಎಂಬ ಜ್ಞಾನೋದಯ ಅಲ್ಲೇ, ಹತ್ತು ಜನರ ಎದುರಿಗೆ ಆಯಿತು. ಬಿಚ್ಚಿ ಜಡೆ ಹಾಕಿಕೊಂಡೆ.

ಗೈಡ್ ಒಬ್ಬಳು ಹುಡುಗಿ. ಚುರುಕು, ತಮಾಷೆ. ಗ್ಯಾಸ್‌ಟೌನ್‌ನಲ್ಲಿ ಹೊಗೆಯುಗುಳುವ ಸ್ಟೀಮ್ ಗಡಿಯಾರದ ಮುಂದೆ ನಿಲ್ಲಿಸಿದಳು. ಎಲ್ಲರೂ ರಾಣಿ ವಿಕ್ಟೋರಿಯಾ ಕಾಲದ್ದು ಅಂದುಕೊಂಡು ಫೋಟೋ ತೆಗೆದರು. ಅವರು ತೆಗೆದು ಮುಗಿಸುವವರೆಗೆ ಕಾದು, "ಇದು 1977ರದ್ದು" ಎಂದಳು. ನನಗಿಂತ ಚಿಕ್ಕದು! ಅಲ್ಲಿಗೆ ನನಗೆ ಈ ಹುಡುಗಿ ಇಷ್ಟವಾದಳು. ಕಾರಿನಲ್ಲಿ ಹೋದವರಿಗೆ ಇದೆಲ್ಲ ಸಿಗುವುದಿಲ್ಲ. ನಡೆದು ಹೋದರೆ ನಮ್ಮ ಮೊಣಕಾಲು ಕೇಳುವುದಿಲ್ಲ. ಊರು ನೋಡಲು ಸೈಕಲ್ಲಿನ ವೇಗವೇ ಸರಿ ಅಂತ ಅರ್ಧ ಗಂಟೆಯಲ್ಲೇ ಒಪ್ಪಿಕೊಂಡೆ.

ಅಲ್ಲಿಂದ ಕೋಲ್ ಹಾರ್ಬರಿನ ದಂಡೆ ಹಿಡಿದು ಸ್ಟ್ಯಾನ್ಲಿ ಪಾರ್ಕ್. ಪಾರ್ಕ್ ಅಂದರೆ ನಮ್ಮ ಕದ್ರಿ ಪಾರ್ಕಿನ ಹಾಗೆ ಕಲ್ಪಿಸಿಕೊಳ್ಳಬೇಡಿ. ಸುಮಾರು 400 ಹೆಕ್ಟೇರ್ ಕಾಡು, ಊರಿನ ಮೂತಿಯ ಹಾಗೆ ಕಡಲಿಗೆ ಚಾಚಿಕೊಂಡಿದೆ. ಕಾಡಿನ ಅಂಚಿಗೆ ಸುತ್ತಲೂ ಕಲ್ಲಿನ ಗೋಡೆ, ಗೋಡೆಯ ಮೇಲೆ ಒಂಬತ್ತು ಕಿಲೋಮೀಟರಿನಷ್ಟು ದಾರಿ. ಸೈಕಲ್ಲಿನವರಿಗೆ ಅದು ಒನ್ ವೇ, ಗಡಿಯಾರದ ಮುಳ್ಳಿಗೆ ಉಲ್ಟಾ. ಅಂದರೆ ಅಪ್ರದಕ್ಷಿಣೆ! ಮೊದಲ ಹತ್ತು ನಿಮಿಷ ನನಗೆ ಕಸಿವಿಸಿ. ಆಮೇಲೆ ಹೊಳೆಯಿತು. ಬಲಗಡೆ ಯಾರಿದ್ದಾರೆ? ಕಡಲು. ದೇವರು ಬಲಕ್ಕಿದ್ದರೆ ಸಾಕಲ್ವಾ, ಸಮಾಧಾನ ಮಾಡಿಕೊಂಡೆ.

ಆ ಗೋಡೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದು ಶುರುವಾದದ್ದು ಚಂದಕ್ಕಲ್ಲ, ಕಡಲ್ಕೊರೆತಕ್ಕೆ. ಪಾರ್ಕಿನ ಪಕ್ಕದ ಇಕ್ಕಟ್ಟಾದ ಜಲಸಂಧಿಯಲ್ಲಿ ಹಡಗುಗಳು ಹೋದಾಗ ಏಳುವ ಅಲೆ ದಡವನ್ನು ತಿನ್ನುತ್ತಿತ್ತು. 1917ರಲ್ಲಿ ಕೆಲಸ ಶುರು, ಗೋಡೆಯ ಸುತ್ತು ಮುಗಿದದ್ದು 1971ರಲ್ಲಿ. ಜೇಮ್ಸ್ ಕನಿಂಗ್‌ಹ್ಯಾಮ್ ಎಂಬ ಕಲ್ಲುಕುಟಿಗ 32 ವರ್ಷ ಇದರ ಮೇಲೆ ಕೆಲಸ ಮಾಡಿದ. ಮುಗಿಯುವುದನ್ನು ನೋಡಲಿಲ್ಲ, 1963ರಲ್ಲೇ ತೀರಿಕೊಂಡ. ಉಳ್ಳಾಲದಲ್ಲಿ ಮಳೆಗಾಲ ಬಂತೆಂದರೆ ಲಾರಿಯಲ್ಲಿ ಕಲ್ಲು ತಂದು ಸುರಿಯುವುದನ್ನು ನೋಡಿ ಬೆಳೆದವಳು ನಾನು. ಒಂದೊಂದೇ ಕಲ್ಲನ್ನು ಕೆತ್ತಿ ಕೂರಿಸಿದ್ದು ನೋಡಿ ಹೊಟ್ಟೆಕಿಚ್ಚು ಪಡದೆ ಇರಲು ಆಗಲಿಲ್ಲ. ಅಲೆಗೆ ಗೋಡೆ ಕಟ್ಟುವುದೇ ಸರಿಯಾ ಎನ್ನುವುದು ಬೇರೆ ಜಗಳ, ಇನ್ನೊಂದು ದಿನ ಮಾಡೋಣ.

ಪಾರ್ಕಿನ ಬಾಗಿಲಲ್ಲೇ ಆ ಕಾಲದ ಕೆನಡಾದ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿಯ ಪ್ರತಿಮೆ, ಎರಡೂ ಕೈ ಚಾಚಿ ನಿಂತಿದ್ದಾನೆ. ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಕೊಟ್ಟವನೂ ಇವನೇ. ಪಾರ್ಕ್ ತೆರೆದದ್ದು 1888ರಲ್ಲಿ. ಮರುವರ್ಷ ಈತ ಬಂದು, ಎಲ್ಲ ಬಣ್ಣದ, ಎಲ್ಲ ನಂಬಿಕೆಯ, ಎಲ್ಲ ಆಚಾರದ ಜನರಿಗೆ ಇದು ಎಂದೆಂದಿಗೂ ಸೇರಲಿ ಅಂತ ಹೇಳಿದನಂತೆ. ಗೈಡ್ ಅದನ್ನು ಓದಿ ಹೇಳಿದಳು. ನಾವು ಚಪ್ಪಾಳೆ ತಟ್ಟಿದೆವು.

ಮುಂದೆ ಬ್ರಾಕ್ಟನ್ ಪಾಯಿಂಟಿನ ಟೋಟೆಮ್ ಕಂಬಗಳು, ಅಂದರೆ ಮೂಲನಿವಾಸಿಗಳ ಕೆತ್ತನೆಯ ಮರದ ಕಂಬಗಳು. ಇಲ್ಲಿ ಹುಡುಗಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ನಗು ನಿಲ್ಲಿಸಿ ಮಾತಾಡಿದಳು. ಗರುಡ, ಕಾಗೆ, ಕರಡಿ ಕೆತ್ತಿದ ಈ ಕಂಬಗಳು ಹೆಚ್ಚಿನವು ಈ ಜಾಗದವೇ ಅಲ್ಲ. 1920ರ ದಶಕದಿಂದ ಉತ್ತರದ ಕರಾವಳಿಯ ಬೇರೆ ಬುಡಕಟ್ಟುಗಳಿಂದ ತಂದವು, ಪ್ರವಾಸಿಗರಿಗೆ ಒಂದು "ಇಂಡಿಯನ್ ಹಳ್ಳಿ" ತೋರಿಸೋಣ ಅಂತ. ಈಗ ನಿಂತಿರುವುದರಲ್ಲಿ ಬಹಳಷ್ಟು ಮೂಲದ ನಕಲುಗಳು. ಆದರೆ ಅಲ್ಲೇ ಹತ್ತಿರ ನಿಜವಾದ ಹಳ್ಳಿ ಇತ್ತು. ಹೆಸರು ಖ್ವಾಯ್‌ಖ್ವಾಯ್. 1888ರಲ್ಲಿ ಪಾರ್ಕಿನ ರಸ್ತೆಗೆ ಅಳತೆ ಮಾಡಲು ಬಂದವರು, ಒಳಗೆ ಜನ ಊಟಕ್ಕೆ ಕೂತಿರುವಾಗಲೇ ಪಾರ್ಕಿನ ಇನ್ನೊಂದು ಹಳ್ಳಿ ಚೈತೂಸಿನ ಒಂದು ಮನೆಯ ಮೂಲೆಯನ್ನು ಕಡಿದು ಹಾಕಿದರು. ಆ ಮನೆಯೊಳಗಿದ್ದ ಮಗು ಆಗಸ್ಟ್ ಜಾಕ್ ಖಾತ್ಸಾಲಾನೊ ಮುಂದೆ ಮುದುಕನಾದ ಮೇಲೆ ಊರಿನ ದಾಖಲೆಗಾರನ ಮುಂದೆ ಇದನ್ನು ಹೇಳಿ ಬರೆಸಿದ. ಖ್ವಾಯ್‌ಖ್ವಾಯ್‌ನ ಜನ ತಲೆಮಾರುಗಳಿಂದ ತಿಂದು ಹಾಕಿದ ಮಳಿ ಚಿಪ್ಪಿನ ರಾಶಿಯಿತ್ತಲ್ಲ, ಅದನ್ನೇ ಅಗೆದು ರಸ್ತೆಗೆ ಹಾಸಿದರು. ಪಾರ್ಕಿನಲ್ಲಿ ಉಳಿದಿದ್ದ ಕುಟುಂಬಗಳನ್ನು ಕೋರ್ಟಿಗೆ ಎಳೆದು ಖಾಲಿ ಮಾಡಿಸಿದರು. ಇದ್ದವರನ್ನು ಕಳಿಸಿ, ಇಲ್ಲದವರ ಕಂಬ ತಂದು ನಿಲ್ಲಿಸುವುದು!

ನನಗೆ ಮಾತು ಹೊರಡಲಿಲ್ಲ. ಮಳಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಊರಿನವಳಿಗೆ ಚಿಪ್ಪಿನ ರಾಶಿ ಎಂದರೆ ಏನಂತ ಗೊತ್ತು. ಅದು ಎಷ್ಟೋ ವರ್ಷದ ಅಡುಗೆಮನೆ.

ಈಗ ಪಾರ್ಕಿನ ನಡುವೆ ನಿಂತು "ಎಲ್ಲ ಬಣ್ಣದ ಜನರಿಗೆ" ಅನ್ನುವ ಮಾತನ್ನು ಮತ್ತೆ ನೆನಪಿಸಿಕೊಂಡರೆ ಅದಕ್ಕೆ ಬೇರೆ ರುಚಿ. ಇದಕ್ಕೇ ಗೈಡ್ ಬೇಕು ಅಂತ ನಾನೀಗ ಹೇಳುವುದು. ಬಾಡಿಗೆ ಸೈಕಲ್ಲಿನಲ್ಲಿ ನಾನೊಬ್ಬಳೇ ಹೋಗಿದ್ದರೆ ಕಂಬದ ಮುಂದೆ ಸೆಲ್ಫಿ ತೆಗೆದು ಮುಂದೆ ಹೋಗುತ್ತಿದ್ದೆ.

ಉಳಿದದ್ದು ಬೇಗ ಮುಗಿಯಿತು. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಸಿಡಿಯುವ ಹಳೆಯ ತೋಪು. 1969ರಲ್ಲಿ ಇಂಜಿನಿಯರಿಂಗ್ ಹುಡುಗರು ಅದನ್ನೇ ಕದ್ದು, ಮಕ್ಕಳ ಆಸ್ಪತ್ರೆಗೆ ದಾನ ಕೊಟ್ಟರೆ ವಾಪಸ್ ಕೊಡುತ್ತೇವೆ ಎಂದಿದ್ದರಂತೆ. 1938ರ ಲಯನ್ಸ್ ಗೇಟ್ ತೂಗುಸೇತುವೆ. ನೀರಿನಲ್ಲಿ ಒಂಟಿಯಾಗಿ ನಿಂತ ಬಂಡೆ, ತಲೆಯ ಮೇಲೆ ಪುಟ್ಟ ಮರ. ಆಮೇಲೆ ಇಂಗ್ಲಿಷ್ ಬೇ, ಅಲ್ಲಿ ಐಸ್ ಕ್ರೀಮ್. ನಡುವೆ ಒಂದು ಏರಿನಲ್ಲಿ ನಾನು ಇಳಿದು ತಳ್ಳಿದ್ದನ್ನು ಇಲ್ಲಿ ಬರೆಯಬೇಕಿಲ್ಲ.

ಕೊನೆಗೆ ಚೈನಾಟೌನ್. 1960ರ ದಶಕದಲ್ಲಿ ಇದರ ಮೇಲೆ ದೊಡ್ಡ ಹೆದ್ದಾರಿ ಹಾಯಿಸಲು ಹೊರಟಿದ್ದರು. ಅಲ್ಲಿನ ಜನ ಗಲಾಟೆ ಮಾಡಿ ನಿಲ್ಲಿಸಿದರು. ಆದರೂ ಅದಕ್ಕೆಂದು ಕಟ್ಟಿದ ಒಂದು ತುಂಡು ಸೇತುವೆಗೆ ಹೋಗನ್ಸ್ ಆಲಿ ಎಂಬ ಕರಿಯರ ಕೇರಿ ಬಲಿಯಾಯಿತು. ಆ ಹೆದ್ದಾರಿ ಬಂದಿದ್ದರೆ ಇವತ್ತು ನಾವು ಇಷ್ಟು ಆರಾಮಾಗಿ ತುಳಿಯುತ್ತಿರಲಿಲ್ಲ.

ಸಂಜೆ ಮಗನಿಗೆ ಎಲ್ಲ ವರದಿ ಒಪ್ಪಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಕೊಮಗಾಟ ಮಾರು ಸ್ಮಾರಕ ತೋರಿಸಿದರಾ?"

ಇಲ್ಲ. ಅದರ ಪಕ್ಕದಲ್ಲೇ ಹೋಗಿದ್ದೆವಂತೆ, ಕೋಲ್ ಹಾರ್ಬರಿನಲ್ಲಿ. ನಿಲ್ಲಲಿಲ್ಲ.

ಬೆಳಿಗ್ಗೆ ನಡೆದೇ ಹೋದೆ. 1914ರ ಮೇ 23ರಂದು ಗುರ್ದಿತ್ ಸಿಂಗ್ ಎಂಬ ವ್ಯಾಪಾರಿ ಬಾಡಿಗೆಗೆ ಹಿಡಿದ ಕೊಮಗಾಟ ಮಾರು ಎಂಬ ಜಪಾನೀ ಹಡಗು 376 ಜನರನ್ನು ಹೊತ್ತು ಈ ನೀರಿಗೆ ಬಂತು. ಹೆಚ್ಚಿನವರು ಪಂಜಾಬಿನ ಸಿಖ್ಖರು, ಜೊತೆಗೆ ಮುಸ್ಲಿಮರು, ಹಿಂದೂಗಳು. ಕೆನಡಾದವರ ಹಾಗೆ ಇವರೂ ಬ್ರಿಟಿಷ್ ಪ್ರಜೆಗಳೇ. ಆದರೆ ಊರಿನಿಂದ ಎಲ್ಲೂ ನಿಲ್ಲದೆ ನೇರ ಬಂದವರಿಗೆ ಮಾತ್ರ ಪ್ರವೇಶ ಎಂಬ ಕಾನೂನು ಮಾಡಿಟ್ಟಿದ್ದರು. ಅಂಥ ನೇರ ಪ್ರಯಾಣದ ಟಿಕೆಟ್ ಭಾರತದಲ್ಲಿ ಸಿಗದ ಹಾಗೆಯೂ ನೋಡಿಕೊಂಡಿದ್ದರು. ಎರಡು ತಿಂಗಳು ಹಡಗು ನೀರಲ್ಲೇ ನಿಂತಿತ್ತು. ಅನ್ನ ನೀರಿಗೂ ತತ್ವಾರ. 24 ಜನರನ್ನು ಬಿಟ್ಟು ಉಳಿದವರನ್ನು ಜುಲೈ 23ಕ್ಕೆ ವಾಪಸ್ ಅಟ್ಟಿದರು. ಕೋಲ್ಕತ್ತಾ ಹತ್ತಿರ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಲು 2016 ಬರಬೇಕಾಯಿತು.

ಲಾರ್ಡ್ ಸ್ಟ್ಯಾನ್ಲಿ ಕೈ ಚಾಚಿ ಹಾಗೆ ಹೇಳಿ ಬರೀ 25 ವರ್ಷವಾಗಿತ್ತು ಆಗ. ಹಡಗಿನವರಿಗೆ ಆ ಪಾರ್ಕಿನ ಮರಗಳು ದಿನಾ ಕಾಣುತ್ತಿದ್ದಿರಬೇಕು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕಂಬದ ಹತ್ತಿರ ಹೇಳಿದ್ದು ನಮ್ಮೂರಿನ ಯಾವ ಗೈಡೂ ಹೇಳುವುದಿಲ್ಲ. ಆದರೆ ಟೂರಿನಲ್ಲಿ ಎಲ್ಲಿ ಕಾಲು ಊರಬೇಕು ಅಂತ ಯಾರೋ ಕೂತು ಪಟ್ಟಿ ಮಾಡಿರುತ್ತಾರಲ್ಲ. 1977ರ ಗಡಿಯಾರಕ್ಕೆ ಹತ್ತು ನಿಮಿಷ ಕೊಟ್ಟವರು ಇದಕ್ಕೆ ಮೂರು ನಿಮಿಷ ಕೊಡಬಹುದಿತ್ತು. ನಾನು ಅಲ್ಲೇ ನಿಂತಿರುವಾಗ ಇನ್ನೊಂದು ಸೈಕಲ್ ಗುಂಪು ಬಂತು. ಮುಂದಿದ್ದವನು ನೀರಿನ ಕಡೆ ಕೈ ತೋರಿಸಿದ. ಅಲ್ಲೊಂದು ಸೀಪ್ಲೇನ್ ಮೇಲೇಳುತ್ತಿತ್ತು. ಎಲ್ಲ ಹೆಲ್ಮೆಟ್‌ಗಳೂ ಆ ಕಡೆ ತಿರುಗಿದವು.

ಟೂರಿನವರು ಅಭಿಪ್ರಾಯ ಕೇಳಿ ಮೇಲ್ ಕಳಿಸಿದ್ದರು. ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟು, ಕೋಲ್ ಹಾರ್ಬರಿನಲ್ಲಿ ಒಮ್ಮೆ ನಿಲ್ಲಿಸಿ ಅಂತ ಮಗನ ಹತ್ತಿರ ಚೆನ್ನಾಗಿ ಬರೆಸಿದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು: ತುಂಬಾ ಥ್ಯಾಂಕ್ಸ್, ನಿಮ್ಮ ಫೋಟೋಗಳಿಗೆ ನಮ್ಮನ್ನು ಟ್ಯಾಗ್ ಮಾಡಲು ಮರೆಯಬೇಡಿ.