ಪೇಂಟರಿಗೆ ಮಾತ್ರ ಕೈತುಂಬ ಕೆಲಸ

ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷವರ್ಷವೂ ತಪ್ಪದೆ ಕೆಲಸ ಸಿಗುವುದು ಒಬ್ಬನಿಗೇ. ಅವನು ಡಾಕ್ಟರಲ್ಲ, ನರ್ಸೂ ಅಲ್ಲ. ಬೋರ್ಡ್ ಬರೆಯುವ ಪೇಂಟರ್.

ಮೊದಲು ಅವನು 'ಪ್ರಾಥಮಿಕ ಆರೋಗ್ಯ ಕೇಂದ್ರ' ಅಂತ ಬರೆದಿದ್ದ. 2018ರಲ್ಲಿ ಆಯುಷ್ಮಾನ್ ಭಾರತ್ ಬಂತು, 'ಆರೋಗ್ಯ ಮತ್ತು ಕ್ಷೇಮ ಕೇಂದ್ರ' ಅಂತ ತಿದ್ದಿದ. 2023ರಲ್ಲಿ ದೆಹಲಿಯಿಂದ ಇನ್ನೊಂದು ಹೆಸರು ಹೊರಟಿತು. 'ಆಯುಷ್ಮಾನ್ ಆರೋಗ್ಯ ಮಂದಿರ', ಅದರ ಕೆಳಗೆ 'ಆರೋಗ್ಯಂ ಪರಮಂ ಧನಂ'. ಮತ್ತೆ ಏಣಿ ಬಂತು, ಡಬ್ಬ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಇದೆಯಲ್ವಾ, ಈ ಮಂದಿರದಲ್ಲಿ ಪೂಜಾರಿಯ ಹುದ್ದೆಯೇ ಖಾಲಿ.

ಒಳಗಿನ ಗೋಡೆ ಇನ್ನೂ ಚೆಂದ. ಮಂಜೂರು, ಭರ್ತಿ, ಖಾಲಿ ಅಂತ ಮೂರು ಕಾಲಂ. ಪಕ್ಕದಲ್ಲಿ ಜನಸಂಖ್ಯೆ. ಲೆಕ್ಕದ ಪ್ರಕಾರ ಬಯಲುಸೀಮೆಯಲ್ಲಿ 30 ಸಾವಿರ ಜನರಿಗೆ ಒಂದು ಕೇಂದ್ರ, ನಮ್ಮಂಥ ಗುಡ್ಡಗಾಡಿನಲ್ಲಿ 20 ಸಾವಿರಕ್ಕೆ ಒಂದು. ಕಟ್ಟಡ ಲೆಕ್ಕದ ಪ್ರಕಾರವೇ ಇದೆ. ಪೇಂಟರ್ ಮಂಜೂರು ಕಾಲಂ ಪೂರ್ತಿ ಎನಾಮೆಲ್‌ನಲ್ಲಿ ಬರೆದಿದ್ದಾನೆ. 'ವೈದ್ಯಾಧಿಕಾರಿ' ಅನ್ನುವ ಪದವೂ ಎನಾಮೆಲ್. ಅದರ ಮುಂದೆ ಹೆಸರು ಬರೆಯುವ ಜಾಗಕ್ಕೆ ಮಾತ್ರ ಶಾಲೆಯ ಬೋರ್ಡಿಗೆ ಹಚ್ಚುವ ಕಪ್ಪು ಬಣ್ಣ ಬಳಿದು, ಪಕ್ಕದಲ್ಲೊಂದು ಸೀಮೆಸುಣ್ಣ ನೇತುಹಾಕಿದ್ದಾನೆ. ಕಪ್ಪು ಪಟ್ಟಿಯಾಚೆ '(ಪ್ರಭಾರ)' ಅಂತ ಇದೆ. ಅದು ಮತ್ತೆ ಎನಾಮೆಲ್.

"ಹೆಸರನ್ನೂ ಪೇಂಟಲ್ಲೇ ಬರೀಬಹುದಿತ್ತಲ್ಲ?" ಅಂದೆ.

"ಬಣ್ಣ ಒಣಗೋವರೆಗಾದ್ರೂ ಇರ್ಬೇಕಲ್ಲ ಮಾರಾಯ್ರೆ" ಅಂದ.

ನಮ್ಮ ರಾಜ್ಯದಲ್ಲಿ ಡಾಕ್ಟರ್ ಓದಿಗೆ ಬರ ಅಂತ ತಿಳಿಯಬೇಡಿ. ಎಂಬಿಬಿಎಸ್ ಸೀಟೇ 11 ಸಾವಿರಕ್ಕೂ ಜಾಸ್ತಿ. ನರ್ಸಿಂಗ್ ಓದಲು ಕೇರಳದಿಂದ ಬಸ್ಸು, ರೈಲು ಹತ್ತಿ ಬರುತ್ತಾರೆ, ಓದು ಮುಗಿದ ಮೇಲೆ ವಿಮಾನ ಹತ್ತುತ್ತಾರೆ. 2015ರಲ್ಲಿ ಒಂದು ಕಾನೂನೂ ಜಾರಿಗೆ ಬಂತು, ವೈದ್ಯಕೀಯ ಓದಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ. ಹಾಗೆ ನಮ್ಮಲ್ಲಿಗೂ ಒಬ್ಬ ಹುಡುಗ ಬಂದಿದ್ದ. ಒಳ್ಳೆಯವನೇ, ಪಾಪ. ಚೀಟಿ ಪುಸ್ತಕದ ಅಡಿಯಲ್ಲಿ ಪಿಜಿ ನೀಟ್‌ನ ಪುಸ್ತಕ ಇರುತ್ತಿತ್ತು. ನಾವು ಹೊಟ್ಟೆನೋವು ಅಂದರೆ ಅವನು ನಾಲ್ಕು ಉತ್ತರ ಯೋಚಿಸಿ ಒಂದಕ್ಕೆ ಟಿಕ್ ಹಾಕುತ್ತಿದ್ದ. 'ಮೈಕೈ ಹರಿದು ಹೋಗ್ತದೆ' ಅಂದರೆ ಗಾಯ ಅಲ್ಲ, ಬರೀ ಮೈನೋವು ಅಂತ ಅವನಿಗೆ ಗೊತ್ತಾಗುವಷ್ಟರಲ್ಲಿ ವರ್ಷ ತುಂಬಿತು. ಒರೆಸಿದರು.

ಹುದ್ದೆ ತುಂಬುವುದು ಕಷ್ಟ, ಹುದ್ದೆಯ ಹೆಸರು ಬದಲಾಯಿಸುವುದು ಸುಲಭ. ಹಳ್ಳಿ ಹಳ್ಳಿ ತಿರುಗುವ ನಮ್ಮ ಅಕ್ಕ ಮೊದಲು 'ಕಿರಿಯ ಮಹಿಳಾ ಆರೋಗ್ಯ ಸಹಾಯಕಿ' ಆಗಿದ್ದರು. ಈಗ 'ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ'. ಸಹಾಯಕಿಯಾಗಿದ್ದಾಗ ಒಂದು ಉಪಕೇಂದ್ರ ನೋಡಿಕೊಳ್ಳುತ್ತಿದ್ದರು. ಅಧಿಕಾರಿಯಾದ ಮೇಲೆ ಎರಡು, ಪಕ್ಕದ್ದೂ ಖಾಲಿಯಾಗಿ ಅದರ ಪ್ರಭಾರವೂ ಇವರಿಗೇ ಬಂತು. ಜನ ಮಾತ್ರ ಈಗಲೂ "ಸೂಜಿ ಅಕ್ಕ ಬಂದ್ರು" ಅಂತಲೇ ಕೂಗುತ್ತಾರೆ.

ಆಶಾ ಕಾರ್ಯಕರ್ತೆಯರ ಕಥೆಯಲ್ಲಂತೂ ಹೆಸರಿಡುವ ಕಲೆ ಶಿಖರ ಮುಟ್ಟಿದೆ. 2005ರಲ್ಲಿ ಶುರುವಾದ ಯೋಜನೆ, ಸಾವಿರ ಜನರಿಗೆ ಒಬ್ಬರು. ಬಸುರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅವರು, ಕೊರೋನಾದಲ್ಲಿ ಮನೆಮನೆ ಬಾಗಿಲು ತಟ್ಟಿದ್ದು ಅವರು. ಆದರೆ ಸರ್ಕಾರದ ಪ್ರಕಾರ ಅವರು ಕೆಲಸಗಾರರಲ್ಲ, ಸ್ವಯಂಸೇವಕಿಯರು. ಸಂಬಳ ಅಂದುಬಿಟ್ಟರೆ ನೌಕರಿ ಅಂತಲೂ ಒಪ್ಪಬೇಕಾಗುತ್ತದೆ. ಹಾಗಾಗಿ ಅದಕ್ಕೆ ಗೌರವಧನ ಅನ್ನುತ್ತಾರೆ. ಗೌರವ ಮುಂದೆ ಬರುತ್ತದೆ, ಧನ ಹಿಂದಿನಿಂದ ನಡೆದುಕೊಂಡು ಬರುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇವರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಇದೇ ಪ್ರಶಸ್ತಿ ವಿಜೇತರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ 10 ಸಾವಿರದ ಭರವಸೆ ತೆಗೆದುಕೊಂಡು ಎದ್ದರು.

ಇನ್ನು ನಮ್ಮ ಸಿಸ್ಟರ್. ಗುತ್ತಿಗೆ. ಪ್ರತಿ ಮಾರ್ಚ್ 31ಕ್ಕೆ ಒಪ್ಪಂದ ಮುಗಿಯುತ್ತದೆ. ಒಂದು ದಿನ ಬಿಟ್ಟು ಮತ್ತೆ ನೇಮಕ. ಆ ಒಂದು ದಿನ ಅವರು ಸರ್ಕಾರಕ್ಕೆ ಯಾರೋ. ಮಾರನೇ ದಿನ 12 ವರ್ಷ ಅನುಭವ ಇರುವ ಹೊಸಬರು. ಹೊಸಬರು ಅಂದಮೇಲೆ ತರಬೇತಿ ಬೇಡವೇ? ಕ್ಷಯಕ್ಕೆ ನಿಕ್ಷಯ್, ಲಸಿಕೆಗೆ ಯು-ವಿನ್, ಬಸುರಿ ಬಾಣಂತಿಯರಿಗೆ ಆರ್‌ಸಿಎಚ್, ಹೀಗೆ ದಾಖಲೆ ತುಂಬುವ ಆನ್‌ಲೈನ್ ಪೋರ್ಟಲ್‌ಗಳು, ಒಂದೊಂದಕ್ಕೂ ಬೇರೆ ಪಾಸ್‌ವರ್ಡ್. ಸೂಜಿ ಚುಚ್ಚಲು ಅರ್ಧ ನಿಮಿಷ ಸಾಕು. ಚುಚ್ಚಿದ್ದನ್ನು ಅಪ್‌ಲೋಡ್ ಮಾಡಲು ಆಸ್ಪತ್ರೆ ಹಿಂದಿನ ಗುಡ್ಡ ಹತ್ತಬೇಕು, ನೆಟ್‌ವರ್ಕ್ ಸಿಗುವುದು ಅಲ್ಲಿನ ಹಲಸಿನ ಮರದ ಬುಡದಲ್ಲಿ.

ಹೋದ ವಾರ ಪೇಂಟರ್ ಏಣಿಯಿಂದ ಜಾರಿದ. ತಗಡಿನ ಅಂಚು ತಾಗಿ ಅಂಗೈ ಸೀಳಿತು. ಕೆಳಗೇ ಆಸ್ಪತ್ರೆ, ಎಂಥ ಅದೃಷ್ಟ ಅಂದುಕೊಂಡು ಬಾಗಿಲಿಗೆ ಹೋದೆವು. ಬೀಗ. ಬೀಗದ ಮೇಲೆ ಒಂದು ತಗಡಿನ ಬೋರ್ಡ್: 'ಸಿಬ್ಬಂದಿ ತರಬೇತಿಗೆ ಹೋಗಿದ್ದಾರೆ'. ತರಬೇತಿಯ ವಿಷಯ ಆಮೇಲೆ ಸಿಸ್ಟರ್ ಹೇಳಿದರು, 'ಇರುವ ಸಿಬ್ಬಂದಿಯಲ್ಲೇ ಗುಣಮಟ್ಟದ ಸೇವೆ'. ಇರುವ ಸಿಬ್ಬಂದಿ ಅವರೊಬ್ಬರೇ.

ಬೋರ್ಡಿನ ಅಕ್ಷರ ನೋಡಿದರೆ ಗುರುತು ಸಿಕ್ಕಿತು. ಇವನದೇ. ಪದೇಪದೇ ಬೇಕಾಗುತ್ತದೆ ಅಂತ ಹೋದ ವರ್ಷ ಬರೆಸಿಟ್ಟುಕೊಂಡಿದ್ದರಂತೆ. ಪೇಟೆಯ ಪ್ರೈವೇಟ್ ಡಾಕ್ಟರ ಹತ್ತಿರ ಹೋಗಲು ನಾನು ಬೈಕ್ ಸ್ಟಾರ್ಟ್ ಮಾಡುತ್ತಿದ್ದೆ. ಅವನು ರಕ್ತ ಸೋರುವ ಕೈಗೆ ಬಣ್ಣದ ಬಟ್ಟೆ ಸುತ್ತಿಕೊಂಡು ಇನ್ನೂ ಬೀಗದ ಮುಂದೆಯೇ ನಿಂತಿದ್ದ.

"'ಹೋಗಿದ್ದಾರೆ'ಯ ಬಣ್ಣ ಮಾಸಿದೆ ಮಾರಾಯ್ರೆ" ಅಂದ. "ಕೈ ವಾಸಿಯಾದ ಮೇಲೆ ಇನ್ನೊಂದು ಕೋಟ್ ಹೊಡೀಬೇಕು."