ಬಾಸ್ ಊಟಕ್ಕ ಹೋಗ್ಯಾರ

ಧಾರವಾಡದೊಳಗೆ ಕುಲಕರ್ಣಿ ಇಲ್ಲದ ಓಣಿ ತೋರಿಸಿದವರಿಗೆ ಒಂದು ಕಿಲೋ ಫೇಡೆ, ನನ್ನ ಖರ್ಚು. ಇಷ್ಟು ಬಳಕೆಯ ಅಡ್ಡಹೆಸರು ಇಟ್ಟುಕೊಂಡೂ ಮನೆಯ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ನಾನು ‘ಕುಲಕಣಿ’ ಆಗಿಬಿಟ್ಟೆ. ಅರ್ಕಾವತ್ತು ಹಾರಿಹೋಗಿ, ಅದರ ಜಾಗದಲ್ಲಿ ತಲೆಗೆ ಅಡ್ಡಗೀಟು ಎಳೆದ ಡೊಂಕು ಗುರುತೊಂದು ಕುಂತಿತ್ತು. ಹುಡುಕಿದಾಗ ಗೊತ್ತಾಯಿತು, ಅದು ಐಸ್‌ಲ್ಯಾಂಡಿನವರ ಅಕ್ಷರ. ನಮ್ಮ ಮನೆತನದಲ್ಲಿ ಬೆಳಗಾವಿ ದಾಟಿ ಆಚೆ ಹೋದವರೇ ಇಲ್ಲ.

ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಕೇಳಬೇಡಿ, ಇನ್ನೂ ಕೆಲಸ ಬಾಕಿ ಇದೆ.

“ಅದು ನಮ್ಮ ತಪ್ಪಲ್ರೀ, ಕಂಪ್ಯೂಟರ್ ತಪ್ಪು. ತಿದ್ದುಪಡಿಗೆ ಅರ್ಜಿ ಕೊಡ್ರಿ. ಸಾಫ್ಟ್ ಕಾಪಿ ಪೆನ್‌ಡ್ರೈವ್‌ದಾಗ ತರ್ರಿ” ಅಂದರು ಗುಮಾಸ್ತರು.

ಇಲ್ಲಿ ನನ್ನ ಕರ್ಮ ಹೇಳಿಕೊಳ್ಳಬೇಕು. ನಾನು ಲಿನಕ್ಸ್ ಮನುಷ್ಯ. ಲಿನಕ್ಸ್ ಅಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಪುಕ್ಕಟೆ ವ್ಯವಸ್ಥೆ. ಉಬುಂಟು ಎಂಬ ಲಿನಕ್ಸಿನವರು ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದ ಕಾಲದಲ್ಲಿ ಹತ್ತಿದ ಚಟ. ಪರದೇಶದ ಲಕೋಟೆ ಕಂಡು ನಮ್ಮ ಪೋಸ್ಟ್‌ಮನ್ “ಸಾಹೇಬ್ರ, ಯಾವ ಪಂಥ ಸೇರೀರಿ?” ಅಂತ ಕೇಳಿದ್ದ. ಆಗ ನಕ್ಕಿದ್ದೆ. ಈಗ ನೋಡಿದರೆ ಅವನೇ ಸರಿ.

ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಕಚೇರಿಯ ವಿಂಡೋಸ್, ‘ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಿ’ ಅಂದಿತು. ಲಿನಕ್ಸಿನ ಎಕ್ಸ್ಟ್-4 ಪದ್ಧತಿಯಲ್ಲಿದ್ದ ಡಿಸ್ಕ್ ಅದಕ್ಕೆ ಓದಲು ಬರುವುದಿಲ್ಲ. ಓದಲು ಬಾರದ್ದನ್ನು ಅಳಿಸಿಬಿಡೋಣ ಎನ್ನುವ ಬುದ್ಧಿ ಯಂತ್ರಕ್ಕೂ ಬಂತಲ್ಲ ಅಂತ ನಾನು ಬೆರಗಾಗುವಷ್ಟರಲ್ಲಿ ಗುಮಾಸ್ತರ ಬೆರಳು ಮೌಸಿನ ಮೇಲಿತ್ತು. “ಹೊಡಿಲೇನ್ರಿ ಫಾರ್ಮ್ಯಾಟ್?”

“ಬ್ಯಾಡ್ರಿ ಮಾರಾಯ್ರ! ಅದರಾಗ ಮಗಳ ಮದುವಿ ಫೋಟೋ ಅದಾವು!”

ಮನೆಗೆ ಓಡಿ, ಬೇರೆ ಪೆನ್‌ಡ್ರೈವ್ ಹೊಂದಿಸಿ, ಚಿಗರಿ ಬಸ್ಸು ಹಿಡಿದು ಮತ್ತೆ ಬಂದೆ. ಈ ಸಲ ಕಡತ ತೆರೆಯಿತು. ಗುಮಾಸ್ತರು ಕನ್ನಡಕ ಏರಿಸಿ ನೋಡಿದರು.

“ಇದು ನುಡಿ ಅಲ್ಲಲ್ರೀ.”

“ಕನ್ನಡ ಐತೆಲ್ರೀ?”

“ಕನ್ನಡ ಐತಿ, ಖರೆ. ನುಡಿಯೊಳಗಿಲ್ಲ.”

ಕನ್ನಡವಿದೆ, ನುಡಿಯಲ್ಲಿಲ್ಲ. ಸಿದ್ಧಾರೂಢರ ಮಠದ ಕಟ್ಟೆಯ ಮೇಲೆ ಕುಳಿತು ಬಿಡಿಸಬೇಕಾದ ಮಾತು ಇದು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ತಪ್ಪೇನಿಲ್ಲ, ಹೊಸ ನುಡಿಯಲ್ಲಿ ಯೂನಿಕೋಡ್, ಅಂದರೆ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಆದ ಸಂಕೇತ ಪದ್ಧತಿ, ಇದೆ. ಕಚೇರಿ ಮಾತ್ರ ಹಳೆಯ ಫಾಂಟನ್ನು ಪಿತ್ರಾರ್ಜಿತ ಆಸ್ತಿಯಂತೆ ಕಾಪಾಡಿಕೊಂಡಿದೆ. ಆ ಹಳೆಯ ಫಾಂಟಿನ ಒಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳಿಗೆ ಕನ್ನಡದ ವೇಷ. ವೇಷ ಕಳಚಿದರೆ ‘ಕನ್ನಡ’ ಎಂಬ ಪದದಲ್ಲಿ ‘ನ’ ಇರಬೇಕಾದಲ್ಲಿ ಬ್ರಿಟಿಷರ ಪೌಂಡಿನ ಗುರುತು ಕಾಣುತ್ತದೆ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ಊರಿದು. ಬ್ರಿಟಿಷರು ಹೋದರು, ಪೌಂಡು ಉಳಿಯಿತು.

ಅರ್ಕಾವತ್ತಿನ ಅಪಘಾತವೂ ಆಗುವುದು ಇಲ್ಲೇ. ಯೂನಿಕೋಡ್ ಅಕ್ಷರಗಳನ್ನು ಬಾಯಿಂದ ಬಂದ ಕ್ರಮದಲ್ಲಿ ಇಡುತ್ತದೆ, ಮೊದಲು ‘ರ್’, ಆಮೇಲೆ ‘ಣಿ’. ಹಳೆಯ ಫಾಂಟು ಕಣ್ಣಿಗೆ ಕಂಡ ಕ್ರಮದಲ್ಲಿ, ‘ಣಿ’ ಮೊದಲು, ಅದರ ಬಾಲಕ್ಕೆ ಅರ್ಕಾವತ್ತು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅದು ಹಾರಬೇಕು. ಹಾರಲಾರದೆ ಬಿದ್ದರೆ ಐಸ್‌ಲ್ಯಾಂಡ್. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ಹೆಲ್ಸಿಂಕಿಯ ಲೈನಸ್ ಟೋರ್ವಾಲ್ಡ್ಸ್ ಎಂಬ ಹುಡುಗ ಲಿನಕ್ಸ್ ಹೊರಬಿಟ್ಟದ್ದೂ ಅದೇ ವರ್ಷ. ಎರಡೂ ಈ ಟೇಬಲ್ಲಿಗೆ ಇನ್ನೂ ಬಂದಿಲ್ಲ, ಪಾಳಿಯಲ್ಲಿ ನನ್ನ ಹಿಂದೆ ನಿಂತಿರಬೇಕು.

ಕೊನೆಯ ಅಸ್ತ್ರ ಬಿಟ್ಟೆ. “ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆನ ಒಂದು ಲಿನಕ್ಸ್ ಮಾಡೇತ್ರಿ, 2007ರಾಗ. ಪುಕ್ಕಟೆ ಐತಿ. ಬಾಸ್ ಅಂತ ಅದರ ಹೆಸರು. ನಿಮ್ಮಲ್ಲಿ ಬಾಸ್ ಇಲ್ಲೇನ್ರಿ?”

“ಊಟಕ್ಕ ಹೋಗ್ಯಾರ. ಮೂರಕ್ಕ ಬರ್ರಿ.”

ಭಾನುವಾರ ಉಣಕಲ್ ಕೆರೆಯ ದಂಡೆಯಲ್ಲಿ ನಮ್ಮ ಲಿನಕ್ಸ್ ಸಮುದಾಯ ಸೇರುತ್ತದೆ. ಸಮುದಾಯ ಅಂದರೆ ನಾಲ್ಕು ಮಂದಿ, ಆರು ಲ್ಯಾಪ್‌ಟಾಪು, ಒಂಬತ್ತು ಅಭಿಪ್ರಾಯ. ಗಿರ್ಮಿಟ್ ಬರುವ ಮೊದಲೇ ನನ್ನ ಕಷ್ಟ ಇಟ್ಟೆ.

“ಯಾವ ಡಿಸ್ಟ್ರೋ?” ಅಂದ ಆರ್ಚ್ ಹಾಕಿಕೊಂಡ ಹುಡುಗ. ಡಿಸ್ಟ್ರೋ ಅಂದರೆ ಲಿನಕ್ಸಿನ ತಳಿ: ಆರ್ಚ್, ಮಿಂಟ್, ಡೆಬಿಯನ್ ಇತ್ಯಾದಿ. ಆರ್ಚ್ ಹಾಕಿಕೊಂಡವರು ಅದನ್ನು ಮೊದಲ ಹತ್ತು ನಿಮಿಷದೊಳಗೆ ಹೇಳಬೇಕು, ಇಲ್ಲದಿದ್ದರೆ ಉಂಡದ್ದು ಅರಗುವುದಿಲ್ಲ. ನಾನು ಮಿಂಟ್ ಅಂದೆ. ಮಗುವಿಗೆ ಜ್ವರ ಅಂತ ಕೇಳಿದ ಡಾಕ್ಟರಂತೆ ತಲೆ ಆಡಿಸಿದ. “ಅದಕ್ಕs ಹಿಂಗಾಗೇತಿ.”

“ಲಿನಕ್ಸ್ ಅನಬ್ಯಾಡ್ರಿ, ಗ್ನೂ-ಲಿನಕ್ಸ್ ಅನ್ರಿ” ಅಂದರು ಇನ್ನೊಬ್ಬರು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ, ತಂತ್ರಾಂಶ ಎಲ್ಲರಿಗೂ ಮುಕ್ತವಾಗಿರಲಿ ಎನ್ನುವ ಗ್ನೂ ಯೋಜನೆಯ ಇತಿಹಾಸ ಪೂರ್ತಿ ಹೇಳಿದರು. ಮಿರ್ಚಿ ಆರಿತು. ಡೆಬಿಯನ್ ಮಾಸ್ತರರು ಮಾತಾಡಲಿಲ್ಲ. ಅವರು ಯಾವುದನ್ನೂ ಎರಡು ವರ್ಷ ಪರೀಕ್ಷೆ ಮಾಡದೆ ಬಿಡುಗಡೆ ಮಾಡುವುದಿಲ್ಲ. ಈ ಮಾಸ್ತರರೇ ಒಮ್ಮೆ ನನ್ನ ವೈಫೈ ಸಲುವಾಗಿ ರಾತ್ರಿ ಎರಡರವರೆಗೆ ನಮ್ಮ ಪಡಸಾಲೆಯಲ್ಲಿ ಕುಂತವರು, ಒಂದು ಕಪ್ ಚಹಾದ ಮೇಲೆ. ಹಾಗಾಗಿ ಅವರನ್ನು ಆಡಿಕೊಳ್ಳಲು ಮನಸ್ಸು ಬರುವುದಿಲ್ಲ, ಬಾಯಿ ಮಾತ್ರ ಕೇಳುವುದಿಲ್ಲ.

“ವೈನ್ ಹಾಕ್ರಿ, ಅದರಾಗ ವಿಂಡೋಸ್ ತಂತ್ರಾಂಶ ನಡೀತೈತಿ” ಅಂದ ಹುಡುಗ. ಬೆನ್ನ ಹಿಂದೆ ಕುಳಿತಿದ್ದ ಅಜ್ಜ ಒಬ್ಬರು ಎದ್ದು ಬೇರೆ ಬೆಂಚಿಗೆ ಹೋದರು.

“ತಂತ್ರಾಂಶ ತಂದು ಏನ್ ಮಾಡೂಣು? ಕನ್ವರ್ಟರ್ ನೀವs ಬರೀರಿ. ಸ್ವಾತಂತ್ರ್ಯ ಅಂದ್ರ ಅದs.”

“ಜಗತ್ತಿನ ಮೊದಲ ಐನೂರು ಸೂಪರ್ ಕಂಪ್ಯೂಟರ್ ಎಲ್ಲಾ 2017ರಿಂದ ಲಿನಕ್ಸ್ ಮ್ಯಾಲೆನ ನಡದಾವು, ಗೊತ್ತೇನ್ರಿ?”

ಗೊತ್ತಿದೆ. ಅವುಗಳಲ್ಲಿ ಒಂದಕ್ಕೂ ಉತಾರ ತೆಗೆಸುವ ಕೆಲಸ ಬಿದ್ದಿಲ್ಲ, ಅದೂ ಗೊತ್ತಿದೆ.

ಸೋಮವಾರ ಕಚೇರಿಯ ಎದುರಿನ ಡಿ.ಟಿ.ಪಿ. ಅಂಗಡಿಗೆ ಶರಣಾದೆ. ಅಲ್ಲಿನ ವಿಂಡೋಸ್-7ರ ಪರದೆ ಕಪ್ಪಗಿತ್ತು, ಮೂಲೆಯಲ್ಲಿ ‘ಇದು ಅಸಲಿ ಅಲ್ಲ’ ಎಂಬ ತಪ್ಪೊಪ್ಪಿಗೆ. ನಾನು ಒಂದು ರೂಪಾಯಿ ಕೊಡದೆ, ಯಾರಿಂದಲೂ ಕದಿಯದೆ ಟೈಪ್ ಮಾಡಿದ್ದ ಅರ್ಜಿಯನ್ನು ಅಂಗಡಿಯ ಹುಡುಗ ನಲವತ್ತು ರೂಪಾಯಿ ತಗೊಂಡು, ಕದ್ದ ತಂತ್ರಾಂಶದಲ್ಲಿ ಮತ್ತೆ ಟೈಪ್ ಮಾಡಿದ. ಸರ್ಕಾರಕ್ಕೆ ಸಲ್ಲಿಸಲು ಯೋಗ್ಯವಾಯಿತು.

ಗುಮಾಸ್ತರಿಗೆ ಬಹಳ ಸಂತೋಷ. ಅದನ್ನು ಪ್ರಿಂಟ್ ಹೊಡೆದು, ಸೀಲು ಹಾಕಿ, ತಮ್ಮ ಮೊಬೈಲಿನಲ್ಲಿ ಫೋಟೋ ತೆಗೆದು ಸಾಹೇಬರಿಗೆ ವಾಟ್ಸಾಪ್ ಮಾಡಿದರು. “ನೀವು ಹೇಳೂ ಲಿನಕ್ಸ್ ನಮ್ಮ ಆಫೀಸಿನ್ಯಾಗ ನಡೆಯಂಗಿಲ್ರಿ” ಅಂದರು, ಆಂಡ್ರಾಯ್ಡ್ ಫೋನನ್ನು ಕಿಸೆಗೆ ಇಳಿಸುತ್ತ. ಅದರ ಹೊಟ್ಟೆಯಲ್ಲಿರುವ ಕರ್ನೆಲ್, ಅಂದರೆ ತಿರುಳು, ಲಿನಕ್ಸಿನದೇ ಅಂತ ಹೇಳಲು ಬಾಯಿ ತೆರೆದೆ. ಅರ್ಜಿ ವಾಪಸ್ ಬಂದೀತೆಂದು ಮುಚ್ಚಿದೆ.

ಹದಿನೈದು ದಿನಕ್ಕೆ ಹೊಸ ಉತಾರ ಕೈಗೆ ಬಂತು. ಐಸ್‌ಲ್ಯಾಂಡಿನ ಅಕ್ಷರ ಮಾಯ. ಅರ್ಕಾವತ್ತು ಮರಳಿ ಬಂದಿದೆ. ನಾನೀಗ ‘ಕುರ್ಲಕಣಿ’.

ಮತ್ತೆ ಹೋಗಿ ಟೇಬಲ್ಲಿನ ಮೇಲೆ ಇಟ್ಟೆ. ಗುಮಾಸ್ತರು ನನ್ನ ಅರ್ಜಿ, ಉತಾರ ಎರಡನ್ನೂ ಪಕ್ಕಪಕ್ಕ ಹಿಡಿದು ಓದಿದರು.

“ಅರ್ಕಾವತ್ತು ಬೇಕಂದ್ರಿ, ಕೊಟ್ಟೇವಿ. ಎಲ್ಲಿ ಬೇಕಂತ ಅರ್ಜಿಯೊಳಗ ಬರದಿಲ್ಲಲ್ರೀ ನೀವು?”