ಮರ ಹತ್ತೋಕೂ ಲೈಸೆನ್ಸಾ?

ಮಲೆನಾಡಿನ ಸಾಗರದ ಕಡೆಯಿಂದ ಬಂದ ನೆಂಟರೊಬ್ಬರು ಹೀಗೆ ಕೇಳಿ ನಕ್ಕರು. ಆ ನಗು ಸ್ವಲ್ಪ ಚುಚ್ಚಿತು.

ಹೌದು, ಇಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಮರ ಕಡಿಯುವ ಕಂಪನಿ ಶುರು ಮಾಡಬೇಕೆಂದರೆ ರಾಜ್ಯದ ಮಂಡಳಿಯಲ್ಲಿ ನೋಂದಣಿ ಆಗಬೇಕು, ಪರೀಕ್ಷೆ ಪಾಸಾದ ಲೈಸೆನ್ಸುದಾರನೊಬ್ಬ ಕಂಪನಿಯಲ್ಲಿರಬೇಕು. ಒಬ್ಬನೇ ಆಳನ್ನಿಟ್ಟುಕೊಂಡರೂ ಕಾರ್ಮಿಕ ವಿಮೆ ಕಡ್ಡಾಯ. ಊರ ಕಡೆ ನಮ್ಮಲ್ಲಿ "ಎಷ್ಟಾಗುತ್ತೆ" ಎಂಬಲ್ಲಿಗೆ ಮಾತು ಮುಗಿಯಿತು. ಕೆಲಸದವನು ಬಿದ್ದರೆ ಆಸ್ಪತ್ರೆ ಖರ್ಚಿಗೆಂದು ಒಂದಿಷ್ಟು ಕೈಗಿಟ್ಟು ಕಳಿಸುತ್ತೇವೆ, ಅಷ್ಟೇ.

ಹೊಸಬರು ಮಾಡುವ ಮೊದಲ ತಪ್ಪು ಸಾಲ ಮಾಡಿ ಚಿಪ್ಪರ್, ಅಂದರೆ ಕೊಂಬೆ ನುಂಗಿ ಚೂರು ಮಾಡುವ ಯಂತ್ರ, ಕೊಳ್ಳುವುದು. 6 ಇಂಚು ದಪ್ಪದ ಕೊಂಬೆ ನುಂಗುವಂಥದು ದಿನದ ಬಾಡಿಗೆಗೇ ಸಿಗುತ್ತದೆ. ದುಡ್ಡು ಹೋಗಬೇಕಾದ್ದು ವಿಮೆಗೆ, ಆಮೇಲೆ ಹಗ್ಗಕ್ಕೆ. ಹತ್ತುವ ಹಗ್ಗ ಬೇರೆ, ಕೊಂಬೆ ಇಳಿಸುವ ಹಗ್ಗ ಬೇರೆ. ಕಡಿದ ತುಂಡು ನಾಲ್ಕಡಿ ಜಾರಿ ನಿಂತರೂ ಹಗ್ಗವನ್ನು ತನ್ನ ತೂಕದ ಹಲವು ಪಟ್ಟು ಜಗ್ಗುತ್ತದೆ. ಹಾಗೆ ಜಗ್ಗಿಸಿಕೊಂಡ ಹಗ್ಗಕ್ಕೆ ಮತ್ತೆ ಜೀವ ಒಪ್ಪಿಸಬಾರದು. ಮೇಲೆ ಚೈನ್‌ಸಾ, ಅಂದರೆ ಯಂತ್ರದ ಗರಗಸ, ಓಡಿಸುವಾಗ ಮೈಯನ್ನು ಮರಕ್ಕೆ ಎರಡು ಕಡೆ ಕಟ್ಟಿರಬೇಕು. ಒಂದು ಕಟ್ಟು ಗರಗಸದ ಚೈನಿಗೆ ಸಿಕ್ಕಿದರೂ ಇನ್ನೊಂದು ಹಿಡಿದಿರುತ್ತದೆ. ಕೆಳಗೆ ಚಿಪ್ಪರ್ ಹತ್ತಿರ ಅಗಲ ಮಣಿಕಟ್ಟಿನ ಗ್ಲೌಸ್ ಬೇಡವೇ ಬೇಡ. ಕೊಂಬೆಯ ಕೊಕ್ಕೆ ಅದಕ್ಕೆ ಸಿಕ್ಕಿದರೆ ಕೈಯೂ ಒಳಗೆ.

ನನಗೆ ಹೊಟ್ಟೆ ಉರಿಯುವುದು ಕತ್ತರಿಸುವ ರೀತಿಗೆ. ಬೆಂಗಳೂರಿನ ಬೀದಿಗಳಲ್ಲಿ ಮಳೆಗಾಲ ಬಂತೆಂದರೆ ಮಚ್ಚಿನ ಏಟು. ಕೊಂಬೆ ತನ್ನ ಭಾರಕ್ಕೇ ಮುರಿದು ತೊಗಟೆಯನ್ನು ಮಾರುದ್ದ ಸೀಳಿಕೊಂಡು ಬೀಳುತ್ತದೆ. ಇಲ್ಲಿ ಕಲಿಸುವುದು ಮೂರು ಕೊಯ್ತ. ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಮೂರನೇ ಒಂದು ಪಾಲು. ಅದರಿಂದ ಇನ್ನೆರಡು ಇಂಚು ಆಚೆ, ಮೇಲಿನಿಂದ ಪೂರ್ತಿ. ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿದ ಕೊರಳಿಗೆ ತಾಗದಂತೆ, ಅದರ ಹೊರಗೇ ತೆಗೆಯಬೇಕು. ಗಾಯ ಮುಚ್ಚುವುದು ಆ ಕೊರಳು. ಅದನ್ನೂ ಸವರಿ ನುಣ್ಣಗೆ ಮಾಡಿದರೆ ಕೊಳೆ ನೇರ ಕಾಂಡಕ್ಕೆ.

ದರ ಹೇಳುವಾಗ ಮುಳುಗಿಸುವುದು ಆಶ್ ಮರ. 2014ರಲ್ಲಿ ಈ ರಾಜ್ಯದಲ್ಲಿ ಕಂಡ ಹಸಿರು ದುಂಬಿ, ಎಮರಾಲ್ಡ್ ಆಶ್ ಬೋರರ್, ಕೊಂದ ಮರಗಳಿಗೆ ಲೆಕ್ಕವಿಲ್ಲ. ಸತ್ತ ಆಶ್ ಹಪ್ಪಳದ ಹಾಗೆ, ಯಾವಾಗ ಮುರಿಯುತ್ತದೋ ಗೊತ್ತಾಗದು, ಹತ್ತುವಂತಿಲ್ಲ. ಹತ್ತುವ ಲೆಕ್ಕದಲ್ಲಿ ದರ ಹೇಳಿದವನು ಆಳನ್ನು ಮೇಲೆತ್ತುವ ಲಿಫ್ಟ್ ಯಂತ್ರದ ಬಾಡಿಗೆಯನ್ನು ಕೈಯಿಂದ ಕಟ್ಟುತ್ತಾನೆ.

ಇನ್ನು ನೆಂಟರ ನಗುವಿಗೆ ಬರೋಣ. ನಮ್ಮೂರ ಕೊನೆಗೌಡ, ಅಂದರೆ ಅಡಿಕೆ ಗೊನೆ ಇಳಿಸುವವನು, ಕಾಲಿಗೆ ತಳೆ ಎಂಬ ಬಳೆ ಹಾಕಿ ಹತ್ತಿ, ಅಡಿಕೆ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟಿ, ಅಡಿಕೆ ಗೊನೆಯನ್ನು ಹಗ್ಗದ ಮೇಲೆ ಜಾರಿಬಿಟ್ಟರೆ ಕೆಳಗಿನವನ ಕೈಗೆ ಒಂದು ಕಾಯಿ ಉದುರದೆ ಬರುತ್ತದೆ. ಅದನ್ನೇ ಇಲ್ಲಿ ಸ್ಪೀಡ್‌ಲೈನ್ ಎಂದು ಹೆಸರಿಟ್ಟು ಶುಲ್ಕ ತೆಗೆದುಕೊಂಡು ಕಲಿಸುತ್ತಾರೆ. ಇಲ್ಲೂ ಬಿರುಗಾಳಿಯ ಮರುದಿನ ಪಿಕಪ್ಪಿನಲ್ಲಿ ಗರಗಸ ಹೇರಿಕೊಂಡು ವಿಮೆಯಿಲ್ಲದೆ ಬಾಗಿಲು ತಟ್ಟುವವರಿದ್ದಾರೆ, ಒಪ್ಪಿದೆ. ಆ ಕೊನೆಗೌಡನ ಸೊಂಟಕ್ಕೊಂದು ಹಗ್ಗ ಯಾರು ಕೊಡಿಸಬೇಕು ಎಂದು ನೆಂಟರನ್ನು ಕೇಳಿದೆ. ಅವರು ಕಾಫಿ ಆರುತ್ತದೆ ಎಂದರು.